ಒಂಟಿ ಹಲ್ಲಿನ ಕಟರ್

ಅಲ್ಯೂಮಿನಿಯಂ ಕೊರೆಯಲು ನಾಲ್ಕು ಹಲ್ಲಿನ, ಚಿನ್ನದ ಬಣ್ಣದ ಲೇಪ ಹಚ್ಚಿದ, ಬೆರಳಿಗಿಂತ ಉದ್ದದ ಎಂಡ್ ಮಿಲ್ ಕೊಂಡು ತಂದವನ ಬಗ್ಗೆ ನಾನು ಮರ್ಯಾದೆಯಿಂದ ಮಾತಾಡಬೇಕಂತೆ. ಇದು ನನ್ನ ಹೆಂಡತಿಯ ಅಪ್ಪಣೆ. ಅವನು ನನ್ನ ತಂಗಿಯ ಗಂಡ ಎನ್ನುವುದು ಅವಳು ಕೊಡುವ ಕಾರಣ. ಇರಬಹುದು. ನನ್ನ ತಂಗಿಯನ್ನು ಮದುವೆಯಾದ ಮಾತ್ರಕ್ಕೆ ಕಟರ್ ಆರಿಸುವ ಬುದ್ಧಿ ತಾನಾಗಿ ಬಂದುಬಿಡುತ್ತದೆಯೇ? ಬರುವ ಹಾಗಿದ್ದರೆ, ಮದುವೆಯಾಗಿ ಇಷ್ಟು ಕಾಲವಾಯಿತು, ಬಂದಿರಬೇಕಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಂಡ್ ಮಿಲ್ ಎಂದರೆ ಡ್ರಿಲ್ ಬಿಟ್ಟಿನ ದಾಯಾದಿ. ಡ್ರಿಲ್ ಬಿಟ್ಟು ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ, ಅಷ್ಟೇ. ಎಂಡ್ ಮಿಲ್ ಪಕ್ಕಕ್ಕೂ ಕೊರೆದುಕೊಂಡು ಹೋಗುತ್ತದೆ. ಮೈಮೇಲೆ ಸುರುಳಿಯಾಗಿ ಸುತ್ತಿದ ಹಲ್ಲುಗಳು, ಹಲ್ಲುಗಳ ನಡುವೆ ತೋಡು. ಕೊರೆದ ಚೂರು ಆ ತೋಡಿನಲ್ಲೇ ಹೊರಗೆ ಬರಬೇಕು. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಅಂಟು ಸ್ವಭಾವದ್ದು. ಬಿಸಿಯಾಯಿತೋ, ಚೂರೆಲ್ಲ ತೋಡಿಗೆ ಕಚ್ಚಿಕೊಂಡು ಕೂತುಬಿಡುತ್ತದೆ. ಆದ್ದರಿಂದ ಹಲ್ಲು ಕಡಿಮೆ ಇರಬೇಕು, ತೋಡು ದೊಡ್ಡದಿರಬೇಕು, ಅಂಚು ಹರಿತವಾಗಿರಬೇಕು, ಲೇಪ ಗೀಪ ಬೇಡ, ಉದ್ದ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮೆಷಿನ್ ಚಿಕ್ಕದಾದರಂತೂ ಇದರಲ್ಲಿ ಒಂದನ್ನೂ ಬಿಡುವ ಹಾಗಿಲ್ಲ. ಇದನ್ನು ತಿಳಿಯಲು ಪದವಿ ಬೇಕಾಗಿಲ್ಲ, ಮುಖದ ಮೇಲೆ ಎರಡು ಕಣ್ಣಿದ್ದರೆ ಸಾಕು.

ನಾನು ತಲೆ ನರೆಯುವವರೆಗೆ ಮಿಲ್ಲಿಂಗ್, ಅಂದರೆ ಹೀಗೆ ಲೋಹ ಕೊರೆಯುವ ಕೆಲಸ, ಮಾಡಿದವನು. ನನ್ನ ವರ್ಕ್‌ಶಾಪಿನಲ್ಲಿ ಉಕ್ಕಿನ ಡೈ, ಅಂದರೆ ಅಚ್ಚು, ಮಾಡುತ್ತೇವೆ. ನನ್ನ ಮೆಷಿನ್ ಒಳಗೆ ತರಬೇಕಾದರೆ ಗೋಡೆ ಒಡೆಯಬೇಕಾಯಿತು, ಅಷ್ಟು ದೊಡ್ಡದು. ತಂಗಿಯ ಗಂಡ ಅಂಗಡಿಗಳಿಗೆ ಬೋರ್ಡು ಮಾಡುವವನು. ಪ್ಲಾಸ್ಟಿಕ್ ಹಾಳೆಯಲ್ಲಿ ಅಕ್ಷರ ಕತ್ತರಿಸುತ್ತಾನೆ, ಹಿಂದೆ ದೀಪ ಇಡುತ್ತಾನೆ, ಏಣಿ ಹತ್ತಿ ಬಾಗಿಲ ಮೇಲೆ ನೇತುಹಾಕುತ್ತಾನೆ. ಅದಕ್ಕೆಂದು ಅವನ ಹತ್ತಿರವೂ ಕಂಪ್ಯೂಟರ್ ಹೇಳಿದ ಹಾಗೆ ಕೊರೆಯುವ ಒಂದು ಸಿಎನ್‌ಸಿ ಮೆಷಿನ್ ಇದೆ. ಮೇಜಿನ ಮೇಲೆ ಕೂರುತ್ತದೆ. ಇಬ್ಬರು ಕೈಕೊಟ್ಟರೆ ಎತ್ತಿ ಪಕ್ಕದ ಕೋಣೆಗೆ ಇಡಬಹುದು. ನಾನು ಅವನಿಗೆ ಬೋರ್ಡಪ್ಪ ಎಂದು ಹೆಸರಿಟ್ಟೆ. ಮೊದಲು ಹಿಂದಿನಿಂದ ಕರೆಯುತ್ತಿದ್ದೆ, ಆಮೇಲೆ ಎದುರಿಗೇ ಕರೆದೆ. ಅವನು ನಕ್ಕ. ಬೈಸಿಕೊಂಡು ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ವಿಷಯಕ್ಕೆ ಬರುತ್ತೇನೆ. ನನ್ನ ತಂಗಿ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದಳು. ಬಲಗಾಲು ಮುರಿಯಿತು. ಬೀಳುವಾಗ ನೆಲಕ್ಕೆ ಊರಿದ ಎಡಗೈಯ ಮಣಿಕಟ್ಟೂ ಮುರಿಯಿತು. ಕಾಲು ಕೂಡಿಕೊಂಡಿತು, ಹಳೆಯ ಬಲ ಬರಲಿಲ್ಲ. ಮಣಿಕಟ್ಟು ವಾರೆಯಾಗಿ ಕೂಡಿಕೊಂಡಿತು. ಎಡಗೈಯಲ್ಲಿ ಊರುಗೋಲು ಹಿಡಿದು ನಡೆಯಬೇಕು ಎಂದರು ಡಾಕ್ಟರು. ಅಂಗಡಿಯ ಊರುಗೋಲಿನ ಹಿಡಿ ನೆಟ್ಟಗಿರುತ್ತದೆ, ಇವಳ ಕೈ ನೆಟ್ಟಗಿಲ್ಲ. ಹಿಡಿದು ಮೈಭಾರ ಬಿಟ್ಟರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆ ವಾರೆಗೆ ತಕ್ಕ ಹಾಗೆ ಹಿಡಿಯನ್ನು ಓರೆಯಾಗಿ ಕೂರಿಸುವ ಒಂದು ಕ್ಲಾಂಪ್ ಬೇಕಿತ್ತು. ಒಂದು ತುದಿ ಕೋಲಿನ ಕೊಳವೆಯನ್ನು ಕಚ್ಚಬೇಕು, ಇನ್ನೊಂದು ಹಿಡಿಯನ್ನು ಕಚ್ಚಬೇಕು. ಹಗುರವಾಗಿರಬೇಕು, ಅವಳ ಭಾರವನ್ನೂ ತಡೆಯಬೇಕು. ಅಲ್ಯೂಮಿನಿಯಂ ಗಟ್ಟಿಯಲ್ಲಿ ಕೊರೆದು ತೆಗೆದರೆ ಮುಗಿಯಿತು, ನನಗೆ ಅದು ಅರ್ಧ ದಿನದ ಕೆಲಸ.

ತಂಗಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ರಜೆ ಮುಗಿಯುತ್ತ ಬಂದಿತ್ತು. ಯಾರ ತೋಳನ್ನೂ ಹಿಡಿಯದೆ, ತನ್ನ ಕಾಲ ಮೇಲೆ ತಾನು ನಡೆದು ಆ ಬಾಗಿಲೊಳಗೆ ಹೋಗಬೇಕು ಎನ್ನುವುದೊಂದೇ ಅವಳ ಜಪ. ಊಟದ ಹೊತ್ತಿಗೂ ಅದೇ ಮಾತು, ಫೋನು ಮಾಡಿದರೂ ಅದೇ ಮಾತು. ನಾನು ಅವರ ಮನೆಗೆ ಹೋದೆ.

"ಅಳತೆ ಕೊಡು, ನಾಳಿದ್ದು ಮಾಡಿ ತಂದ್ಕೊಡ್ತೀನಿ" ಎಂದೆ.

"ಬೇಡ ಅಣ್ಣ. ಇವರು ಮಾಡ್ತಿದಾರೆ."

"ಯಾರು, ಬೋರ್ಡಪ್ಪನಾ?"

"ನನ್ನ ಗಂಡ" ಎಂದಳು, ತೊಡೆಯ ಮೇಲಿದ್ದ ಪುಸ್ತಕದಿಂದ ತಲೆ ಎತ್ತದೆ.

"ಅವನಿಗೆ ಬರೋದು ಅಕ್ಷರ ಕತ್ತರಿಸೋದು ಕಣೆ. ಇದು ನಿನ್ನ ಮೈಭಾರ ಹೊರೋ ಸಾಮಾನು. ರಸ್ತೆ ಮಧ್ಯ ಪಟ್ ಅಂತ ಮುರೀತು ಅಂದ್ಕೋ, ಆಗ?"

"ಮುರಿಯದ ಹಾಗೆ ಮಾಡ್ತಾರೆ."

ನನಗೆ ಅರ್ಥವಾಯಿತು. ಇದು ಅವನ ಒಣಜಂಭ. ಹೆಂಡತಿಯ ಕಣ್ಣಲ್ಲಿ ದೊಡ್ಡವನಾಗುವ ಚಪಲ. ಪಕ್ಕದಲ್ಲೇ ನನ್ನಂಥವನನ್ನು ಇಟ್ಟುಕೊಂಡು ಬೋರ್ಡು ಮಾಡುವವನ ಕೈಗೆ ತನ್ನ ಕಾಲನ್ನು ಒಪ್ಪಿಸಿದ್ದಾಳಲ್ಲ, ಇವಳಾದರೂ ಎಂಥವಳು. ಅವನು ಏನೋ ಹೇಳಿ ಇವಳ ತಲೆ ಕೆಡಿಸಿದ್ದಾನೆ ಎಂದುಕೊಂಡೆ.

ಒಳಗಿನ ಕೋಣೆಗೆ ಹೋದೆ. ಅದನ್ನು ವರ್ಕ್‌ಶಾಪ್ ಎಂದು ಕರೆಯಲು ನನ್ನ ಬಾಯಿ ಒಪ್ಪುವುದಿಲ್ಲ. ಹಿಂದೆ ಮಲಗುವ ಕೋಣೆಯಾಗಿತ್ತು, ತಲೆ ಬಾಚುವ ಕನ್ನಡಿ ಇನ್ನೂ ಗೋಡೆಯಲ್ಲೇ ಇತ್ತು. ಕಿಟಕಿಯ ಸರಳಿಗೆ ದಾರ ಕಟ್ಟಿ ಪ್ಲಾಸ್ಟಿಕ್ ಅಕ್ಷರಗಳನ್ನು ಒಗೆದ ಬಟ್ಟೆಯ ಹಾಗೆ ನೇತುಹಾಕಿದ್ದ. ನೆಲದ ತುಂಬ ಬಿಳಿ ಪುಡಿ. ಯಾರೋ ಹಲ್ಲಿನ ಡಾಕ್ಟರ ಬೋರ್ಡು ಅರ್ಧಕ್ಕೆ ನಿಂತು ಗೋಡೆಗೆ ಒರಗಿತ್ತು. ಮೇಜಿನ ಮುಂದಿನ ಗೋಡೆಗೆ ಕ್ಲಾಂಪಿನ ಚಿತ್ರ ಅಂಟಿಸಿದ್ದ. ತಂಗಿಯ ಕೈಯಲ್ಲಿ ಜೇಡಿಮಣ್ಣಿನ ಮುದ್ದೆ ಹಿಡಿಸಿ, ಅದರ ಅಚ್ಚಿನಿಂದ ಓರೆಯನ್ನು ಅಳೆದಿದ್ದನಂತೆ. ಅಳತೆ ಮಾತ್ರ ಸರಿಯಾಗಿತ್ತು. ಅಕ್ಷರ ಅಳೆದು ಅಳೆದು ರೂಢಿಯಾಗಿರಬೇಕು, ಅದರಲ್ಲಿ ಅವನ ದೊಡ್ಡಸ್ತಿಕೆ ಏನೂ ಇಲ್ಲ.

"ಬನ್ನಿ ಭಾವ" ಎಂದು ಎದ್ದು ನಿಂತ. ಮಖಮಲ್ಲಿನ ಒಳಹೊದಿಕೆಯ ಒಂದು ಪೆಟ್ಟಿಗೆ ತೆರೆದ. "ನಿಮ್ಮ ಹತ್ರ ಇರೋ ಥರದ್ದೇ ಹುಡುಕಿ ತಂದೆ. ದಪ್ಪ, ನಾಲ್ಕು ಹಲ್ಲು, ಕೋಟಿಂಗ್ ಬೇರೆ ಇದೆ. ಇದೇ ಎಲ್ಲಕ್ಕಿಂತ ಗಟ್ಟಿ ಅಂದ್ರು ಅಂಗಡಿಯವರು."

ಟೂಲ್ ಅಂಗಡಿಯವನು ಇವನ ಮುಖ ನೋಡಿಯೇ ಅಳೆದಿರಬೇಕು. ಮಾರಾಟವಾಗದೆ ಕೂತಿದ್ದ ಮಾಲನ್ನು ತಲೆಗೆ ಕಟ್ಟಿದ್ದಾನೆ. ಇಂಥವನ್ನು ನಾನು ಉಕ್ಕಿಗೆ ಹಾಕುತ್ತೇನೆ, ನಿಜ. ನನ್ನ ಮೆಷಿನ್ ಉಕ್ಕನ್ನು ಬೆಣ್ಣೆಯ ಹಾಗೆ ಕೊಯ್ಯುವಾಗ ನೆಲ ಕೂಡ ಅಲುಗುವುದಿಲ್ಲ. ಇವನ ಆಟಿಕೆ ಸಾಮಾನು ನಾಲ್ಕು ಹಲ್ಲನ್ನು ಒಟ್ಟಿಗೆ ಲೋಹದೊಳಗೆ ನೂಕುವಷ್ಟು ತ್ರಾಣ ಎಲ್ಲಿಂದ ತರಬೇಕು? ಅಣ್ಣನ ಕೋಟು ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತಿತ್ತು ಆ ಮೆಷಿನ್ನು ಆ ಕಟರಿನ ಪಕ್ಕದಲ್ಲಿ.

ಇನ್ನೊಂದು ತಮಾಷೆ ಕೇಳಿ. ಅವನು ದಿನವೂ ಪ್ಲಾಸ್ಟಿಕ್ ಕೊರೆಯುವ ಕಟರ್ ಮೆಷಿನ್ನಿನ ತಿರುಗುವ ಸ್ಪಿಂಡಲ್ಲಿನಲ್ಲೇ ಇತ್ತು. ಗಿಡ್ಡ, ಸಣ್ಣ, ಕನ್ನಡಿಯಂತೆ ನುಣುಪು, ಲೇಪವಿಲ್ಲ, ಒಂದೇ ಹಲ್ಲು, ಅದರ ಪಕ್ಕ ದೊಡ್ಡ ತೋಡು. ಅದನ್ನು ಬಿಚ್ಚಿ, ಬೇಡದ ಸಾಮಾನಿನ ಹಾಗೆ ಕಿಟಕಿಯ ಕಟ್ಟೆಯ ಮೇಲೆ ಹಾಕಿದ.

"ಅದನ್ನ ಯಾಕೆ ತೆಗೆದೆ?" ಎಂದೆ, ಏನೂ ಗೊತ್ತಿಲ್ಲದವನ ಹಾಗೆ.

"ಅದು ಬರೀ ಪ್ಲಾಸ್ಟಿಕ್‌ದು ಭಾವ. ನೀವೇ ನಕ್ಕಿದ್ರಲ್ಲ ಅವತ್ತು, ಹಲ್ಲು ಉದುರಿದ ಮುದುಕನ ಹಾಗಿದೆ ಅಂತ."

ನಕ್ಕಿದ್ದೆ. ನೋಡಿದರೆ ನಗು ಬರುವಂಥದ್ದೇ ಅದು. ಆದರೆ ಸಣ್ಣ ಮೆಷಿನ್ನಿನಲ್ಲಿ ಅಲ್ಯೂಮಿನಿಯಂ ಕೊರೆಯಲು ಅದಕ್ಕಿಂತ ಒಳ್ಳೆಯ ಕಟರ್ ಹುಡುಕಿದರೂ ಸಿಗುವುದಿಲ್ಲ. ಕೈಯಲ್ಲೇ ಇದ್ದ ಸರಿಯಾದ ಸಾಮಾನನ್ನು, ನಾನು ನಕ್ಕೆ ಎನ್ನುವ ಕಾರಣಕ್ಕೆ ಪಕ್ಕಕ್ಕಿಟ್ಟು, ನನ್ನ ಹಾಗೆ ಕಾಣಲು ಹೋಗಿ ತಪ್ಪು ಸಾಮಾನು ತಂದಿದ್ದ. ಸ್ವಂತ ಬುದ್ಧಿ ಇಲ್ಲದವನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? ಅದೇ ಸರಿಯಾದ ಕಟರ್ ಎಂದು ನಾನು ಹೇಳಲಿಲ್ಲ. ಕೇಳಲಿ, ಬಾಯಿಬಿಟ್ಟು ಕೇಳಲಿ, ಆಮೇಲೆ ನೋಡೋಣ ಎಂದುಕೊಂಡೆ.

"ಶುರು ಮಾಡಲಾ ಭಾವ?"

"ನಿನ್ನ ಮೆಷಿನ್ನು, ನಿನ್ನಿಷ್ಟ."

ಶುರು ಮಾಡಿದ. ಕಟರ್ ಲೋಹಕ್ಕೆ ತಾಗಿದ್ದೇ ತಡ, ಇಡೀ ಮನೆ ಕಿವಿ ಮುಚ್ಚಿಕೊಳ್ಳುವಂಥ ಕೀರಲು ಸದ್ದು. ಕಿಟಕಿಯಲ್ಲಿ ನೇತಾಡುತ್ತಿದ್ದ ಅಕ್ಷರಗಳು ಒಂದಕ್ಕೊಂದು ತಾಗಿ ಕಟಕಟ ಎಂದವು. ಚೂರು ಹೊರಗೆ ಬರಲಿಲ್ಲ, ಬರಲು ಜಾಗವಿದ್ದರೆ ತಾನೇ? ತೋಡಿನೊಳಗೆ ಗಂಜಿಯ ಹಾಗೆ ಅಂಟಿಕೊಳ್ಳುತ್ತ ಹೋಯಿತು. ಕೊನೆಗೆ ಹಲ್ಲುಗಳೇ ಕಾಣದ ಹಾಗಾಗಿ, ಬರೀ ಒಂದು ಗುಂಡು ಕಡ್ಡಿ ಲೋಹವನ್ನು ಉಜ್ಜುತ್ತಿತ್ತು. ಟಕ್ ಎಂದು ಮುರಿಯಿತು. ತುದಿ ಅಲ್ಯೂಮಿನಿಯಮ್ಮಿನಲ್ಲೇ ಹೂತು ನಿಂತಿತು.

"ಏನಾಯ್ತು?" ಎಂದು ಹೊರಗಿನಿಂದ ತಂಗಿಯ ದನಿ.

"ಏನಿಲ್ಲ, ನಿನ್ನ ಗಂಡನ ಕೈಗೆ ಸಿಕ್ಕಿ ಅಲ್ಯೂಮಿನಿಯಂ ಅಳ್ತಿದೆ ಅಷ್ಟೇ" ಎಂದೆ. ನಾನೊಬ್ಬನೇ ನಕ್ಕೆ.

ಅವನು ಮುರಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದ. "ಸ್ಪೀಡ್ ಜಾಸ್ತಿ ಆಯ್ತೇನೋ" ಎಂದು ಗೊಣಗಿದ. ಪೆಟ್ಟಿಗೆಯಿಂದ ಅಂಥದ್ದೇ ಇನ್ನೊಂದನ್ನು ತೆಗೆದ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳೂ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ಒಂದು ಮಾತು ಹೇಳಿದ್ರೆ ಬಾಯಲ್ಲಿರೋ ಮುತ್ತು ಉದುರಿ ಹೋಗ್ತಿತ್ತಾ?"

"ಅವನು ಕೇಳಲಿಲ್ಲ."

"ಕೇಳಿದ್ರೆ ಹೇಳ್ತಿದ್ರಾ?"

"ಯಾಕೆ ಹೇಳಲ್ಲ?"

"ಹೇಳ್ತೀರಿ. ಹೇಳೋಕೆ ಮುಂಚೆ ಅವನ ಮರ್ಯಾದೆನೆಲ್ಲ ಒಗೆದು ಹಿಂಡಿ ಒಣಹಾಕಿ ಆಮೇಲೆ ಹೇಳ್ತೀರಿ" ಎಂದಳು. ನನ್ನ ಮನೆಯಲ್ಲಿ ನನಗೆ ಸಿಗುವ ಗೌರವ ಇಷ್ಟು.

ಅವನು ಬಂದ. ಬರುತ್ತಾನೆ ಎಂದು ನನಗೆ ಗೊತ್ತಿತ್ತು. ಕೆಲವು ದಿನ ಬಿಟ್ಟು, ಕೆಲಸದ ನಡುಹೊತ್ತಿನಲ್ಲಿ, ವರ್ಕ್‌ಶಾಪಿನ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಅದೇ ಮಖಮಲ್ಲಿನ ಪೆಟ್ಟಿಗೆ. ಬಟ್ಟೆಯ ಮೇಲೆ ಬಿಳಿ ಪುಡಿ, ಕಣ್ಣಿನ ಕೆಳಗೆ ಕಪ್ಪು.

"ಎಲ್ಲ ಮುರಿದವು ಭಾವ" ಎಂದ. "ಯಾವ ಕಟರ್ ಹಾಕಬೇಕು ಹೇಳ್ತೀರಾ?"

ಕೇಳಿದ. ಬಾಯಿಬಿಟ್ಟೇ ಕೇಳಿದ. ಅಲ್ಲಿಗೆ ಹೇಳಿ ಕಳಿಸಬಹುದಿತ್ತು. ಆದರೆ ಇಷ್ಟು ದಿನ ಕಾಯಿಸಿದವನಿಗೆ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟರೆ ಹೇಗೆ? ಲೇತ್ ನಿಲ್ಲಿಸು ಎಂದು ಲೇತಿನವನಿಗೆ ಸನ್ನೆ ಮಾಡಿದೆ, ಎಲ್ಲರಿಗೂ ಕೇಳಿಸಲಿ ಎಂದು.

"ಬನ್ರಪ್ಪ ಇಲ್ಲಿ. ಬೋರ್ಡಪ್ಪನವರು ಕಟರ್ ಆರಿಸಿದಾರೆ, ನೋಡಿ ಕಣ್ತುಂಬ್ಕೊಳ್ಳಿ."

ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ಸುತ್ತ ಹಂಚಿದೆ. ಮುರಿದ ತುಂಡುಗಳು ಕೈಯಿಂದ ಕೈಗೆ ಹೋದವು. ತೋಡಿನಲ್ಲಿ ಗಟ್ಟಿಯಾಗಿ ಕೂತಿದ್ದ ಅಲ್ಯೂಮಿನಿಯಮ್ಮನ್ನು ಲೇತಿನವನು ಉಗುರಿನಿಂದ ಕೆರೆದು ನೋಡಿದ.

"ಏನು ನೋಡಿ ತಗೊಂಡೆ ಇದನ್ನ? ಬಣ್ಣ ನೋಡಿನಾ? ಕಿಟಕಿಗೆ ಪರದೆ ಆರಿಸೋಕೆ ಹೋಗಿದ್ಯಾ?"

"ಅಂಗಡಿಯವರು ಹೇಳಿದ್ರು..."

"ಅಂಗಡಿಯವನು ಮಾರೋಕೆ ಕೂತಿದಾನೆ. ನಿನ್ನ ತಲೆ ಎಲ್ಲಿಟ್ಟು ಹೋಗಿದ್ದೆ? ಬೋರ್ಡಿನ ಜೊತೆ ನೇತುಹಾಕಿ ಬಂದಿದ್ಯಾ?"

ಎಲ್ಲರೂ ನಕ್ಕರು. ಸಂಬಳ ಕೊಡುವವನು ತಮಾಷೆ ಮಾಡಿದರೆ ನಗದೆ ಏನು ಮಾಡುತ್ತಾರೆ? ಅವನೂ ನಗಲು ನೋಡಿದ, ನಗು ಬಾಯಿಯ ಒಂದು ಕಡೆಗೆ ಮಾತ್ರ ಬಂತು. ಕಿವಿ ಕೆಂಪಾಗಿತ್ತು.

"ನಂಗೆ ಗೊತ್ತಾಗಲ್ಲ ಭಾವ, ಅದಕ್ಕೇ ಬಂದೆ" ಎಂದ. "ಅವಳ ರಜೆ ಮುಗೀತಾ ಬಂತು. ಒಂದೇ ಒಂದು ಒಳ್ಳೆ ಗಟ್ಟಿ ಉಳಿದಿದೆ, ಅದನ್ನೂ ಹಾಳು ಮಾಡೋಕೆ ಧೈರ್ಯ ಇಲ್ಲ."

"ನಿನ್ನಂಥೋನಿಗೆ ದೊಡ್ಡ ಕಟರ್ ಯಾಕಪ್ಪ? ಗುಬ್ಬಿಯಂಥ ಮೆಷಿನ್ನು. ಅಕ್ಷರ ಕೆತ್ತೋ ಒಂಟಿ ಹಲ್ಲಿನ ಕಡ್ಡಿ ಇದೆಯಲ್ಲ, ಅದನ್ನೇ ಇಟ್ಕೊಂಡು ಕೆರೀತಾ ಕೂತ್ಕೋ. ಪದರ ಪದರವಾಗಿ ಕೆರಿ. ಒಂದು ಕಡೆ ಸೀಮೆಎಣ್ಣೆ ಹನಿಸ್ತಾ, ಇನ್ನೊಂದು ಕಡೆ ಚೂರು ಊದ್ತಾ ಕೂತ್ಕೋ. ನಿನ್ನ ಯೋಗ್ಯತೆಗೆ ಅಷ್ಟೇ ಸರಿ."

ಮತ್ತೆ ನಗು. ಈ ಸಲ ಅವನು ನಗಲಿಲ್ಲ. ನೆಲ ನೋಡುತ್ತ, ತುಟಿ ಅಲ್ಲಾಡಿಸುತ್ತ, ಏನನ್ನೋ ಬಾಯಿಪಾಠ ಮಾಡುವವನ ಹಾಗೆ ನಿಂತಿದ್ದ. "ಪದರ ಪದರವಾಗಿ" ಎಂದ ಮೆಲ್ಲಗೆ. "ಸೀಮೆಎಣ್ಣೆ. ಊದ್ತಾ ಇರ್ಬೇಕು." ಆಮೇಲೆ ತಲೆ ಎತ್ತಿ "ಬರ್ತೀನಿ ಭಾವ" ಎಂದು ಹೊರಟುಹೋದ. ಪೆಟ್ಟಿಗೆಯನ್ನು ವಾಪಸು ಕೇಳಲೂ ಇಲ್ಲ.

ಲೇತಿನವನು ಮುರಿದ ತುಂಡನ್ನು ನನ್ನ ಮೇಜಿನ ಮೇಲಿಟ್ಟ. "ಸಾರ್, ನೀವು ಹೇಳಿದ್ದು ಸರಿಯಾದ ಕಟರೇ ಅಲ್ವಾ?" ಎಂದ.

ಆಗ ನನಗೆ ಹೊಳೆಯಿತು. ಬೈಗುಳದ ಜೊತೆಗೆ ಉತ್ತರವೂ ಬಾಯಿಂದ ಜಾರಿಹೋಗಿತ್ತು. ಅವನ ಮುಖಕ್ಕೆ ಎಸೆಯಲು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುವಾಗ, ಕೊಡಬಾರದ್ದನ್ನೂ ಎಸೆದುಬಿಟ್ಟಿದ್ದೆ. "ನಿನ್ನ ಕೆಲಸ ನೋಡ್ಕೊಳಯ್ಯ" ಎಂದು ಅವನನ್ನು ಲೇತಿಗೆ ಅಟ್ಟಿದೆ. ಬೋರ್ಡಪ್ಪನಿಗೆ ಅಷ್ಟೆಲ್ಲ ತಿಳಿಯುವುದಿಲ್ಲ, ಬೈಗುಳ ಮಾತ್ರ ಕಿವಿಗೆ ಬಿದ್ದಿರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆದರೂ ಸುಮ್ಮನೆ ಕೂರಲಿಲ್ಲ. ಅವನ ಗೋಡೆಯ ಮೇಲಿದ್ದ ಚಿತ್ರವನ್ನು ಅವತ್ತೇ ಫೋನಿನಲ್ಲಿ ಹಿಡಿದುಕೊಂಡಿದ್ದೆ. ಒಳ್ಳೆಯ ಗಟ್ಟಿ ತರಿಸಿದೆ. ಎರಡು ಹಲ್ಲಿನ, ಲೇಪವಿಲ್ಲದ, ಹೊಚ್ಚ ಹೊಸ ಕಟರ್ ಹಾಕಿದೆ. ಬೇರೆಯವರ ಕೆಲಸ ಪಕ್ಕಕ್ಕಿಟ್ಟು, ಯಾರಿಗೂ ಮುಟ್ಟಲು ಬಿಡದೆ, ಕ್ಲಾಂಪ್ ಮಾಡಿದೆ. ಚೂರು ಬೆಳ್ಳಿಯ ಎಳೆಯಂತೆ ಹಾರಿ ಹಾರಿ ಬಿತ್ತು. ಆ ಸದ್ದು ಕೇಳಬೇಕು ನೀವು, ಬಟ್ಟೆ ಹರಿದಂಥ ಸದ್ದು, ಅಷ್ಟೇ. ಒಂದು ಗೀರಿಲ್ಲ, ಒಂದು ಚುಚ್ಚುವ ಅಂಚಿಲ್ಲ. ಕೈಯ ಕಡೆಯ ಅಂಚನ್ನು ಉಜ್ಜಿ ಉಜ್ಜಿ ಗುಂಡಗೆ ಮಾಡಿದೆ, ಅವಳಿಗೆ ಒತ್ತಬಾರದು ಎಂದು. ನನ್ನ ತಂಗಿ ಅವಳು. ಅವಳು ಪುಟ್ಟವಳಿದ್ದಾಗ ಸೈಕಲ್ಲಿನ ಹಿಂಬದಿ ಹಿಡಿದು ಓಡಿದವನು ನಾನು, ಈ ಬೋರ್ಡಪ್ಪನಲ್ಲ.

ಎಲ್ಲ ಕಡೆ ರಜೆಯಿದ್ದ ಒಂದು ದಿನ ಬೆಳಿಗ್ಗೆ ಅದನ್ನು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆ.

"ಅವಳು ಕೇಳಿದ್ಲಾ?" ಎಂದಳು ಹೆಂಡತಿ.

"ಕೇಳಬೇಕಾ? ಅವಳು ನನ್ನ ತಂಗಿ."

"ಕೇಳಿದ್ಲಾ ಅಂದೆ."

ಸ್ಪ್ಯಾನರನ್ನೂ ಜೇಬಿಗಿಳಿಸಿ ಹೊರಬಿದ್ದೆ. ಕೆಲವರಿಗೆ ಒಳ್ಳೆಯ ಕೆಲಸದಲ್ಲೂ ಕೊಂಕು ಹುಡುಕುವ ಚಾಳಿ.

ತಂಗಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಕಾಲಿಗೆ ಬೂಟು ಹಾಕಿಕೊಂಡಿದ್ದಳು. ಪಕ್ಕದಲ್ಲಿ ಊರುಗೋಲು. ಅದರ ಹಿಡಿ ಓರೆಯಾಗಿ ಕೂತಿತ್ತು. ಹಿಡಿಗೂ ಕೋಲಿಗೂ ನಡುವೆ ಒಂದು ಕ್ಲಾಂಪ್.

ಅವನು ಒಳಗಿನಿಂದ ಬಂದ. ಮುಂಗೈಯಲ್ಲೆಲ್ಲ ಸಣ್ಣ ಸಣ್ಣ ಗಾಯ, ಉಗುರಿನ ಸಂದಿಯಲ್ಲಿ ಲೋಹದ ಪುಡಿ.

"ನೀವು ಹೇಳಿದ ಹಾಗೇ ಮಾಡಿದೆ ಭಾವ" ಎಂದ. ಮಾತಿನಲ್ಲಿ ಚುಚ್ಚುನುಡಿ ಇದೆಯೇ ಎಂದು ನೋಡಿದೆ. ಇರಲಿಲ್ಲ. ಅಷ್ಟು ಜನರ ಎದುರು ಬೈಸಿಕೊಂಡವನು ಅದರಲ್ಲಿ ಬೇಕಾದ್ದನ್ನಷ್ಟೇ ಆರಿಸಿಕೊಂಡು, ಉಳಿದದ್ದನ್ನು ನನ್ನ ವರ್ಕ್‌ಶಾಪಿನಲ್ಲೇ ಬಿಟ್ಟು ಬಂದಿದ್ದ. "ಒಂಟಿ ಹಲ್ಲು ಚೆನ್ನಾಗಿ ಕೊರೀತು. ನಿಧಾನ ಆಯ್ತು, ಆದ್ರೆ ಒಂದು ಸಲವೂ ಅಂಟಲಿಲ್ಲ. ಕೂತ್ಕೊಳ್ಳಿ, ಕುಡಿಯೋಕೆ ಏನಾದ್ರೂ ತರ್ತೀನಿ." ಅಡುಗೆಮನೆಗೆ ಹೋದ.

ತಂಗಿ ಊರುಗೋಲನ್ನು ನನ್ನ ಕೈಗೆ ಕೊಟ್ಟಳು.

"ಇದು ಮುರಿಯುತ್ತಾ? ಅಷ್ಟು ಹೇಳು."

ಬೆಳಕಿಗೆ ಹಿಡಿದು ನೋಡಿದೆ. "ಮೈಯೆಲ್ಲ ಗೀರು. ಈ ಮೂಲೇಲಿ ಕಟರ್ ಎರಡು ಸಲ ಬಂದು ಮೆಟ್ಟಿಲು ಮಾಡಿದೆ ನೋಡು. ಇಲ್ಲಿ ಪದರದ ಗೆರೆ ಎಣಿಸಬಹುದು. ಪಾಲಿಶ್ ಅಂತೂ ಕೇಳೋದೇ ಬೇಡ. ಇದನ್ನ ಹಿಡ್ಕೊಂಡು ನಾಲ್ಕು ಜನರ ಮುಂದೆ..."

"ಮುರಿಯುತ್ತಾ ಅಣ್ಣ?"

ಹಿಡಿಯ ಮೇಲೆ ಎರಡೂ ಕೈ ಇಟ್ಟು ನನ್ನ ಭಾರವನ್ನೆಲ್ಲ ಬಿಟ್ಟೆ. ಕಾಲನ್ನೂ ನೆಲದಿಂದ ಎತ್ತಿ ನೋಡಿದೆ. ಅಲುಗಲಿಲ್ಲ. ಒಳಮೂಲೆಗಳನ್ನು ಬೆರಳಲ್ಲಿ ಸವರಿದೆ. ಬಿರುಕು ಹುಟ್ಟದ ಹಾಗೆ ಗುಂಡಗೆ ಬಿಟ್ಟಿದ್ದ. ಬೋಲ್ಟು ಬಿಗಿಯಾಗಿತ್ತು. ಸುಳ್ಳು ಹೇಳಬೇಕು ಎನಿಸಿತು. ಕೆಲಸದ ವಿಷಯದಲ್ಲಿ ನಾನು ಸುಳ್ಳು ಹೇಳಿದವನಲ್ಲ.

"ಮುರಿಯಲ್ಲ" ಎಂದೆ.

ಅವಳು ಉಸಿರು ಬಿಟ್ಟಳು. ಅವಳ ಮುಖ ಅರಳಿದ್ದು ನನ್ನ ಕೆಲಸಕ್ಕಲ್ಲ. ಸುತ್ತಿದ್ದ ಬಟ್ಟೆ ಬಿಚ್ಚಿ ನನ್ನ ಕ್ಲಾಂಪನ್ನು ಅವಳ ತೊಡೆಯ ಮೇಲಿಟ್ಟೆ.

"ಇದನ್ನ ನೋಡು. ಕೆಲಸ ಅಂದ್ರೆ ಇದು. ಈಗಲೇ ಬದಲಾಯಿಸ್ತೀನಿ, ಸ್ಪ್ಯಾನರ್ ತಂದಿದೀನಿ. ಅವನದ್ದು ಬೇಕಾದ್ರೆ ಮನೆಯೊಳಗೆ ಇಟ್ಕೋ."

ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಗುಂಡಗೆ ಮಾಡಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. "ತುಂಬ ಚೆನ್ನಾಗಿದೆ ಅಣ್ಣ" ಎಂದಳು. ಮತ್ತೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟಳು. "ಬೇಡ."

"ಅವನಿಗೆ ಬೇಜಾರಾಗುತ್ತೆ ಅಂತನಾ? ಆಗಲಿ ಬಿಡು. ಅವನ ಒಣಜಂಭಕ್ಕೆ ನೀನ್ಯಾಕೆ..."

"ಅವರು ಮೊದಲ ದಿನವೇ ಹೇಳಿದ್ರು, ಭಾವನಿಗೆ ಕೊಡೋಣ, ಅವರಷ್ಟು ಚೆನ್ನಾಗಿ ನಂಗೆ ಬರಲ್ಲ ಅಂತ. ಪ್ರತಿಯೊಂದು ಕಟರ್ ಮುರಿದಾಗಲೂ ಅದನ್ನೇ ಹೇಳಿದ್ರು. ನಿನ್ನ ವರ್ಕ್‌ಶಾಪಿಂದ ಬಂದ ದಿನವೂ ಅದನ್ನೇ ಹೇಳಿದ್ರು. ಬೇಡ ಅಂದೋಳು ನಾನು."

ಅಡುಗೆಮನೆಯಲ್ಲಿ ಲೋಟದ ಸದ್ದಾಯಿತು.

"ಯಾಕೆ?" ಎಂದೆ.

"ನೀನು ಮಾಡಿದ್ದು ಹಿಡ್ಕೊಂಡ್ರೆ ನಾನು ನೆಟ್ಟಗೆ ನಡೀತೀನಿ ಅಣ್ಣ, ಗೊತ್ತು. ಆದ್ರೆ ಒಂದೊಂದು ಹೆಜ್ಜೆಗೂ ನಿನ್ನ ಮಾತು ಕೇಳ್ತಾ ನಡೀಬೇಕು. ನಾನು ಮಾಡಿಕೊಟ್ಟಿದ್ದು, ನಾನಿಲ್ದಿದ್ರೆ ಇವಳು ಕೂತಲ್ಲೇ ಇರ್ತಿದ್ಲು, ಇವಳ ಗಂಡನ ಕೈಲಿ ಏನಾಗ್ತಿತ್ತು ಅಂತ ಬರೋ ಹೋಗೋರಿಗೆಲ್ಲ ಹೇಳ್ತೀಯ. ಅವರ ಎದುರಿಗೇ ಹೇಳ್ತೀಯ. ಅವರು ನಗ್ತಾ ಕೇಳ್ತಾರೆ. ನಂಗೆ ಅದನ್ನ ನೋಡಿ ಸಾಕಾಗಿದೆ."

ದನಿ ಏರಿಸಲಿಲ್ಲ ಅವಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಬೈಯುವುದು ನನಗೆ ಬರುತ್ತದೆ, ಅದರಲ್ಲಿ ನನ್ನನ್ನು ಗೆದ್ದವರಿಲ್ಲ. ಅವಳನ್ನು ತಿರಸ್ಕಾರದಿಂದ ನೋಡಲು ಪ್ರಯತ್ನಪಟ್ಟೆ, ಕೈಲಾಗಲಿಲ್ಲ.

ಅವನು ಲೋಟ ಹಿಡಿದುಕೊಂಡು ಬಂದ. ನಮ್ಮಿಬ್ಬರ ಮುಖ ನೋಡಿ, ಲೋಟವನ್ನು ಮೇಜಿನ ಮೇಲಿಟ್ಟು, ಏನೂ ಕೇಳದೆ ಗೋಡೆಯ ಪಕ್ಕ ನಿಂತ.

ತಂಗಿ ಎಡಗೈಯಲ್ಲಿ ಆ ಓರೆ ಹಿಡಿಯನ್ನು ಹಿಡಿದಳು. ಕುರ್ಚಿಯಿಂದ ಎದ್ದಳು. ಮುಖದಲ್ಲಿ ನೋವು ಕಾಣಲಿಲ್ಲ. ಅವನು ನೆರವಿಗೆ ಬರಲಿಲ್ಲ, ಕೈ ಮಾತ್ರ ಚಾಚಲು ಸಿದ್ಧವಾಗಿದ್ದ ಹಾಗಿತ್ತು. ಮೂರು ನಾಲ್ಕು ಹೆಜ್ಜೆ ಇಟ್ಟು ನನ್ನ ಎದುರಿಗೆ ಬಂದು ನಿಂತಳು.

"ಲೈಬ್ರರಿವರೆಗೆ ಹೋಗಿ ಬರ್ತೀನಿ" ಎಂದಳು. "ಇವತ್ತು ಬಾಗಿಲು ಹಾಕಿರುತ್ತೆ, ಸುಮ್ನೆ ನಡೆದು ನೋಡ್ಬೇಕು. ದಾರಿ ಬಿಡು ಅಣ್ಣ."

ಆಗಲೇ ನೋಡಿಕೊಂಡಿದ್ದು, ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಸರಿದೆ. ಅವಳು ಹೊಸ್ತಿಲು ದಾಟಿ ಮೆಟ್ಟಿಲ ಹತ್ತಿರ ಹೋದಳು. ಕೋಲನ್ನು ಸ್ವಲ್ಪ ದೂರ ಊರುತ್ತಿದ್ದಳು. ಹತ್ತಿರ ಊರು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅವಳು ಕೆಳಗಿನ ಮೆಟ್ಟಿಲು ಮುಟ್ಟುವವರೆಗೂ ಬಾಯಿ ಮುಚ್ಚಿಕೊಂಡೇ ನಿಂತಿದ್ದೆ.